ಯಾರ ಜಗಲಿ ಮೇಲೆ ಕೂತು ಬರೀತೀರಿ?

ನಮ್ಮಲ್ಲಿ ಕವಿತೆ ಬರೆಯೋರಿಗೆ ಬರ ಇಲ್ಲ. ನಾನೂ ಅವರಲ್ಲೊಬ್ಬ. ಆದರೆ ನಮ್ಮ ಕೇರಿಯ ಜಮೀನು ಯಾವ ವರ್ಷ, ಯಾವ ಕಾಗದದ ಮೇಲೆ, ಯಾರ ಕೈಗೆ ಹೋಯಿತು ಎಂದು ಬರೆದಿಟ್ಟ ಪುಸ್ತಕ ಎಷ್ಟಿವೆ? ಆ ಕೆಲಸವನ್ನು ಬೇರೆಯವರಿಗೆ ಬಿಟ್ಟು ಕೂತಿದ್ದೇವೆ.

ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಅದಕ್ಕೆ 'ರಾಂಪುರ' ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳ ಮೂರೂ ಪ್ರತಿ ಸಿಕ್ಕವು. (ಪ್ರತಿ ಮೂರಿದ್ದರೂ ಇದ್ದದ್ದು ಒಂದೇ ಕೋಣೆಯಲ್ಲಿ. ನೀವು ಒಂದನ್ನು ಗೆಳೆಯನ ಮನೇಲಿಡಿ.) ನೆನಪಿನ ಬಲದಿಂದಲೇ 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ತಂದರು. ಆ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರು ಊರಲ್ಲಿ ಇಳಿದುಕೊಂಡಿದ್ದು ಪಟೇಲನ ಎತ್ತಿನ ಮನೆಯಲ್ಲಿ. ಅಲ್ಲಿ ಕೂತವರ ಹತ್ತಿರ ಕೇರಿಯವನು ಬಂದು ಪಟೇಲನ ಮೇಲೆ ಮಾತಾಡುತ್ತಾನೆಯೇ? ತಾವು ಕಂಡದ್ದು ಹೆಚ್ಚಾಗಿ ಮೇಲ್ಜಾತಿಯವರ ಊರು ಎಂಬುದನ್ನು ಅವರೇನೂ ಮುಚ್ಚಿಡಲಿಲ್ಲ.

ಇಷ್ಟು ಹೇಳಿ ಮೀಸೆ ತಿರುವುವ ಹಾಗಿಲ್ಲ. ಕೇರಿಯಲ್ಲಿ ಹುಟ್ಟಿದ ಮಾತ್ರಕ್ಕೆ ಬರೆದದ್ದೆಲ್ಲ ಸತ್ಯ ಅಂತ ನಾನೂ ನಂಬಿದ್ದೆ. ನನ್ನ ಮೊದಲ ಪುಸ್ತಕದ ಹಸ್ತಪ್ರತಿಯಲ್ಲಿ 'ಗೌಡರು ನಮ್ಮ ಎರಡೆಕರೆ ಕಿತ್ತುಕೊಂಡರು' ಎಂದು ಬರೆದು ಅಜ್ಜಿಗೆ ಓದಿ ಹೇಳಿದೆ. "ಕಿತ್ಕೊಳ್ನಿಲ್ಲ ಕನ ಮಗ," ಅಂದಳು. "ನಿಮ್ ತಾತ ತಂಗಿ ಮದ್ವೆಗೆ ದುಡ್ಡು ಈಸ್ಕೊಂಡು ಹೆಬ್ಬೆಟ್ಟು ಒತ್ತಿದ. ಸಾಲ ಅಂತ್ಲೇ ನಾವು ತಿಳ್ಕೊಂಡಿದ್ದು."

ಮೂರು ವರ್ಷ ಬಿ.ಎ. ಓದಿದವನು ಆ ಒಂದು ಮಾತು ಕೇಳಿರಲಿಲ್ಲ!

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಕಲು ತೆಗೆಸಿದರೆ ಅದು 1983ರ ಕ್ರಯಪತ್ರ. ಜಮೀನು ಸರ್ಕಾರ ಮಂಜೂರು ಮಾಡಿದ್ದು. 1978ರ ಪಿ.ಟಿ.ಸಿ.ಎಲ್. ಕಾಯ್ದೆ 1979ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಇಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಪತ್ರದಲ್ಲಿ ಅನುಮತಿಯ ಸುದ್ದಿಯೇ ಇಲ್ಲ. ಕಾಗದ 'ಕ್ರಯ' ಅನ್ನುತ್ತೆ, ಅಜ್ಜಿ 'ಸಾಲ' ಅನ್ನುತ್ತಾಳೆ, ನಾನು 'ಕಿತ್ತುಕೊಂಡರು' ಅಂತ ಕೂಗಿದ್ದೆ. ಮೂರರಲ್ಲಿ ಕೆಲಸಕ್ಕೆ ಬಾರದ್ದು ನನ್ನ ಕೂಗೇ. ಮಂಜೂರಾತಿಯ ವರ್ಷ, ಅದರ ಷರತ್ತು, ಕ್ರಯದ ತಾರೀಖು, ಇವನ್ನು ಒಂದರ ಪಕ್ಕ ಒಂದು ಇಟ್ಟಾಗ ಗೌಡರ ಅನ್ಯಾಯ ನನ್ನ ವಿಶೇಷಣಗಳ ಹಂಗಿಲ್ಲದೆ ಎದ್ದು ನಿಂತಿತು.

ಆದ್ದರಿಂದ, ಗೆಳೆಯರೇ, ಸಾಗುವಳಿ ಚೀಟಿ, ಹಳೇ ಪಹಣಿ, ಮ್ಯುಟೇಶನ್ ನಕಲು ಹುಡುಕಿ. ಕೊಡಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕಾಗದ ಸಿಕ್ಕಿತೆಂದು ಕೇರಿಯ ಬಾಯಿ ಮುಚ್ಚಿಸಬೇಡಿ. ಆ ಕಾಗದ ಬರೆದವರು ನಮ್ಮವರಲ್ಲ. ಹೇಳಿದವರ ಎದುರೇ ಬರೆದದ್ದನ್ನು ಓದಿ. ಅವರ ಹೆಸರು ಹಾಕುವ ಮುಂಚೆ ನಾಳೆ ಅವರು ಯಾರ ಹೊಲಕ್ಕೆ ಕೂಲಿಗೆ ಹೋಗಬೇಕು ಅಂತ ಕೇಳಿ. ನಾನು ಇಬ್ಬರ ಹೆಸರು ಹೊಡೆದುಹಾಕಿದೆ. ಅಜ್ಜಿ ಮಾತ್ರ ತನ್ನ ಹೆಸರು ಇರಲೇಬೇಕೆಂದು ಹಟ ಹಿಡಿದಿದ್ದಾಳೆ.

ಜಮೀನಿನ ಅರ್ಜಿ ಈಗ ಉಪವಿಭಾಗಾಧಿಕಾರಿಯ ಮುಂದಿದೆ. ಆ ಅಧ್ಯಾಯ ಇನ್ನೂ ಮುಗಿದಿಲ್ಲ.