ಹಿಟ್ಟಿನ ಕೋಳಿಯೂ ಇಂದಿನ ಅಡುಗೆಮನೆಯೂ

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ನಾವು ಬಹುಕಾಲದಿಂದ ಒಂದೇ ರೀತಿಯಲ್ಲಿ ಓದುತ್ತ ಬಂದಿದ್ದೇವೆ. ಹಿಟ್ಟಿನ ಕೋಳಿಯನ್ನು ಕೊಂದುದರಿಂದ ಅರಸನೂ ಅವನ ತಾಯಿಯೂ ಭವಭವಗಳಲ್ಲಿ ನೊಂದರು. ಆದುದರಿಂದ ಮನಸ್ಸಿನ ಹಿಂಸೆಯೂ ಹಿಂಸೆಯೇ ಎಂಬಲ್ಲಿಗೆ ನಮ್ಮ ಓದು ನಿಂತುಬಿಡುತ್ತದೆ. ಸೋಯಾ, ಗೋಧಿಯ ಅಂಟು, ಬಟಾಣಿಯ ಸತ್ವ ಇವುಗಳಿಂದ ಮಾಂಸದ ರೂಪ ರುಚಿಗಳನ್ನು ತರುವ ಪದಾರ್ಥಗಳು ಶ್ರಾವಕರ ಮನೆಗಳಿಗೂ ಕಾಲಿಡುತ್ತಿರುವ ಈ ದಿನಗಳಲ್ಲಿ, ಆ ಕಾವ್ಯವನ್ನೇ ಸಾಕ್ಷಿಯಾಗಿಟ್ಟು ‘ಇದೂ ಹಿಟ್ಟಿನ ಕೋಳಿಯೇ’ ಎಂದು ತೀರ್ಪು ಕೊಡುವವರಿದ್ದಾರೆ. ಆ ತೀರ್ಪು ಕಾವ್ಯಕ್ಕೆ ನ್ಯಾಯ ಸಲ್ಲಿಸುವುದೇ ಎಂಬುದು ವಿಚಾರಣೀಯ.

ಕಾವ್ಯದಲ್ಲಿ ನಡೆಯುವುದೇನು? ರಾಣಿ ಅಮೃತಮತಿಯು ಮಾವಟಿಗನಿಗೆ ಮರುಳಾದುದನ್ನು ಕಂಡ ಯಶೋಧರನು, ಅದನ್ನು ಮರೆಮಾಚಿ, ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ಕೇಡು ಕಳೆಯಲು ದೇವಿಗೆ ಬಲಿ ಕೊಡಬೇಕೆಂದು ಚಂದ್ರಮತಿಯು ನುಡಿಯುತ್ತಾಳೆ. ಜೀವವಧೆಗೆ ಮಗನು ಒಪ್ಪದಿರಲು, ಹಿಟ್ಟಿನ ಕೋಳಿಯಾದರೂ ಆಗಲೆಂದು ಒತ್ತಾಯಿಸುತ್ತಾಳೆ. ಅವನು ಮಣಿಯುತ್ತಾನೆ. ಕತ್ತಿ ತಾಗಿದೊಡನೆ ಕೋಳಿ ಕೂಗುತ್ತದೆ. ಇಲ್ಲಿ ದೋಷವು ಹಿಟ್ಟಿನಲ್ಲಿಲ್ಲ. ಬರಿಯ ಆಕಾರದಲ್ಲಿಯೂ ಇಲ್ಲ. ‘ಇದನ್ನು ಜೀವವೆಂದು ಬಗೆದು ಕೊಲ್ಲುತ್ತೇನೆ, ಇದರಿಂದ ನನಗೆ ಒಳಿತಾಗಲಿ’ ಎಂಬ ಸಂಕಲ್ಪದಲ್ಲಿದೆ. ಬಲಿಯ ಫಲ ಬೇಕು, ಪಾಪ ಬೇಡ ಎಂಬ ಆತ್ಮವಂಚನೆಯಲ್ಲಿದೆ. ದ್ರವ್ಯಹಿಂಸೆಯಿಲ್ಲದೆಡೆಯಲ್ಲಿಯೂ ಭಾವಹಿಂಸೆ ಪೂರ್ಣವಾಗಿರಬಲ್ಲದೆಂಬುದೇ ಜನ್ನನ ನಿಲುವು.

ಅಂಗಡಿಯಲ್ಲಿ ಮೀಲ್ ಮೇಕರ್ ಎಂದು ಕೇಳಿ ತರುವ ಸೋಯಾ ತುಣುಕುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮಸಾಲೆಯಲ್ಲಿ ಬೇಯಿಸುವ ಗೃಹಿಣಿಗೆ ಕೊಲ್ಲುವ ಸಂಕಲ್ಪವಿಲ್ಲ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದಾದ ಆ ಪದಾರ್ಥವು ಕಾಳಿನದೇ ಇನ್ನೊಂದು ರೂಪ. ಆಕೆಯನ್ನು ಚಂದ್ರಮತಿಯ ಸಾಲಿಗೆ ಸೇರಿಸುವುದು ಅನ್ಯಾಯ. ಮಾಂಸಾಹಾರದ ಮನೆಯಲ್ಲಿ ಹುಟ್ಟಿ ಅದನ್ನು ಬಿಡಲು ಹೆಣಗುವವರಿಗಂತೂ ಇದು ಮೇಲೇರುವ ಮೆಟ್ಟಿಲು. ಅದರಿಂದ ಉಳಿಯುವ ಪ್ರಾಣಗಳು ಹಿಟ್ಟಿನವಲ್ಲ. ಅಂಥವರನ್ನು ಹಳಿಯುವುದು ನಮಗೆ ಶೋಭಿಸದು.

ಆದರೆ ಮಾಂಸತ್ಯಾಗವೂ ಸೇರಿದ ಅಷ್ಟಮೂಲಗುಣಗಳ ನೆರಳಿನಲ್ಲಿ ಬೆಳೆದ ಮಕ್ಕಳ ವಿಷಯ ಬೇರೆ. ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುತ್ತೇನೆ. ನನ್ನ ಮಗನು ಪೊಟ್ಟಣವೊಂದನ್ನು ತಂದು, ಹುರಿದು, ‘ಚಿಕನ್ ತಗೊಳ್ಳಿ ಅಜ್ಜಿ, ರುಚಿ ಥೇಟ್ ಹಾಗೇ ಇದೆ’ ಎಂದು ನಗುತ್ತ ಬಡಿಸಿದ. ನಮ್ಮ ತಾಯಿಯವರು ಕೈ ಹಿಂತೆಗೆದರು. ಅದು ಸೋಯಾ ಎಂದು ಅವನು ವಿವರಿಸಿದಾಗ, ‘ಹಾಗಾದರೆ ಸೋಯಾ ಅಂತಲೇ ಹೇಳಬಾರದೇನಪ್ಪಾ? ಹಾಗೇ ಇದೆ ಅಂತ ನಿನಗೆ ಹೇಗೆ ಗೊತ್ತಾಯಿತು?’ ಎಂದರು. ಹುಡುಗ ತಲೆ ತಗ್ಗಿಸಿದ. ನಾನೂ ಏನನ್ನೂ ಕೇಳಲಿಲ್ಲ. ಊಟ ಮೌನದಲ್ಲಿ ಮುಗಿಯಿತು.

ಜನ್ನನ ಕೋಳಿ ನನಗೆ ಕೇಳಿಸಿದ್ದು ಆ ದಿನ. ತಟ್ಟೆಯಲ್ಲಿದ್ದುದು ಕಾಳು, ನಾಲಗೆಯ ಮೇಲೆ ಕುಳಿತದ್ದು ಮಾಂಸದ ಹೆಸರು. ಆಸೆಯನ್ನು ತ್ಯಜಿಸದೆ ವಸ್ತುವನ್ನು ಮಾತ್ರ ಬದಲಿಸಿದರೆ ವ್ರತವು ಒಳಗಿನಿಂದ ಸವೆಯುತ್ತದೆ. ಯಶೋಧರನ ಮಾತು ಅನ್ವಯಿಸುವುದು ಇಲ್ಲಿ, ಇಷ್ಟರ ಮಟ್ಟಿಗೆ.

ಇನ್ನು ಪದಾರ್ಥಶುದ್ಧಿಯ ಮಾತು. ಇಂಥ ತಯಾರಿಕೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯ ಪುಡಿ, ಆಲೂಗಡ್ಡೆಯ ಪಿಷ್ಟ, ಕೆಂಪು ಬಣ್ಣಕ್ಕೆ ಬೀಟ್‌ರೂಟ್ ರಸ ಸೇರಿರುವುದುಂಟು. ಶಿಲೀಂಧ್ರದಿಂದ ತಯಾರಾಗುವ ಬ್ರಿಟನ್ನಿನ ಕ್ವಾರ್ನ್‌ನ ಹಲವು ಬಗೆಗಳಲ್ಲಿ ಮೊಟ್ಟೆಯ ಬಿಳಿಯಿದೆ. ವಿದೇಶದಲ್ಲಿರುವ ನಮ್ಮ ಮಕ್ಕಳು ಇದನ್ನರಿಯಬೇಕು. ನಮ್ಮಲ್ಲಿಯ ಹಸಿರು ಚುಕ್ಕೆಯು ಕಂದಮೂಲಗಳನ್ನು ನಿಷೇಧಿಸುವುದಿಲ್ಲ. ಅದು ಸಸ್ಯಾಹಾರದ ಗುರುತೇ ಹೊರತು ಶ್ರಾವಕಾಚಾರದ ಮುದ್ರೆಯಲ್ಲ.

ಬಸದಿಗಳ ಭೋಜನಶಾಲೆಗಳನ್ನು ನಡೆಸುವ ಟ್ರಸ್ಟಿನವರಲ್ಲಿ ನನ್ನದೊಂದು ವಿನಂತಿ. ಸೋಯಾ ಪಲ್ಯವನ್ನು ಬಡಿಸುವುದಾದರೆ ಸೋಯಾ ಪಲ್ಯವೆಂದೇ ಬಡಿಸಿರಿ. ಮಾಂಸದ ಹೆಸರು ಹೊತ್ತ ಭಕ್ಷ್ಯವು ಪಂಕ್ತಿಗೆ ಬರುವುದು ಬೇಡ. ಮನೆಯಲ್ಲಿ ಮಕ್ಕಳು ತಂದ ಪೊಟ್ಟಣವನ್ನು ಎಸೆಯುವ ಮೊದಲು ಅವರೊಡನೆ ಕುಳಿತು ಅದರ ಮೇಲಿನ ಬರಹವನ್ನು ಓದೋಣ. ಯಾವ ರುಚಿಯನ್ನು ಅರಸಿ ತಂದಿರೆಂದು ಕೋಪವಿಲ್ಲದೆ ಕೇಳೋಣ. ನಾನು ಆ ದಿನ ಕೇಳಬೇಕಾಗಿದ್ದುದು ಅದನ್ನೇ.