ಮಗ್ಗಿ ಹೇಳಿಸುವವನು ಮತ್ತು ಆಟ ಕಲಿಸುವವನು: ಪ್ರೌಢಶಾಲಾ ಗಣಿತ ಶಿಕ್ಷಕರ ತರಬೇತಿಯನ್ನು ಕುರಿತು ಒಂದು ಜಾನಪದೀಯ ವಿಮರ್ಶೆ

1. ಪ್ರವೇಶ

ಕಲಿಸುವವನಿಗೆ ಕಲಿಸುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಜಾನಪದ ಅಧ್ಯಯನಗಳು ಶಿಕ್ಷಣಶಾಸ್ತ್ರಕ್ಕೆ ಬಿಟ್ಟುಕೊಟ್ಟಿವೆ. ಹಾಡು, ಕಥೆ, ಕುಣಿತ, ಕಸುಬುಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತವೆ ಎಂಬುದನ್ನು ಕುರಿತು ವಿಪುಲವಾಗಿ ಬರೆದಿರುವ ನಾವು, ನಮ್ಮದೇ ಊರಿನ ಪ್ರೌಢಶಾಲೆಯಲ್ಲಿ ಗಣಿತ ಹೇಗೆ ದಾಟುತ್ತದೆ ಅಥವಾ ದಾಟದೆ ಉಳಿಯುತ್ತದೆ ಎಂಬುದರ ಕಡೆ ಗಮನ ಹರಿಸಿದ್ದು ಕಡಿಮೆ. ಇತ್ತ ಶಿಕ್ಷಕರ ತರಬೇತಿಯನ್ನು ಕುರಿತ ಚರ್ಚೆಗಳಲ್ಲಿ ‘ಬೋಧನಾ ನಾಯಕತ್ವ’ ಎಂಬ ಪರಿಕಲ್ಪನೆ ಬಳಕೆಗೆ ಬಂದಿದೆ. ಅನುಭವಿ ಗಣಿತ ಶಿಕ್ಷಕರೊಬ್ಬರು ತಮ್ಮ ತರಗತಿಯನ್ನು ಚೆನ್ನಾಗಿ ನಡೆಸುವುದರ ಜೊತೆಗೆ ಸುತ್ತಲಿನ ಶಿಕ್ಷಕರ ಬೋಧನೆಯನ್ನೂ ಉತ್ತಮಪಡಿಸುವ ಹೊಣೆ ಹೊರಬೇಕೆಂಬುದು ಅದರ ತಿರುಳು.

ಹರಪನಹಳ್ಳಿ ತಾಲೂಕಿನ ತೆಲಿಗಿ ಹೋಬಳಿ ಮತ್ತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲೂಕುಗಳ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಈ ಪರಿಕಲ್ಪನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೀಮೆಯಲ್ಲಿ ಕಲಿಸುವಿಕೆಯ ನಾಯಕತ್ವಕ್ಕೆ ಎರಡು ದೇಶೀಯ ಮಾದರಿಗಳಿದ್ದವು. ಮೊದಲನೆಯದು ಗಾವಠಿ ಶಾಲೆಯಲ್ಲಿ ಕಿರಿಯರಿಗೆ ಮಗ್ಗಿ ಹೇಳಿಸುತ್ತಿದ್ದ ಹಿರಿಯ ಹುಡುಗನದು. ಎರಡನೆಯದು ಬಯಲಾಟದ ಮಾಸ್ತರನದು. ವಿದ್ವಾಂಸರ ಮೆಚ್ಚುಗೆ ಮೊದಲನೆಯದಕ್ಕೆ ಸಂದಿದೆ. ನಮ್ಮ ಗಣಿತ ಶಿಕ್ಷಕರಿಗೆ ಬೇಕಾಗಿರುವುದು ಎರಡನೆಯದು ಎಂಬುದು ಇಲ್ಲಿನ ವಾದ.

2. ಕ್ಯಾಂಪ್‌ಬೆಲ್ ವರದಿ ಮತ್ತು ಅದರ ಓದು

ಹರಪನಹಳ್ಳಿ ಸೀಮೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದು, ಮುಂದೆ ಬಳ್ಳಾರಿ ಜಿಲ್ಲೆಯ ಭಾಗವಾಯಿತು. 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಆದ್ದರಿಂದ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ಶಿಕ್ಷಣ ವರದಿ ಈ ಸೀಮೆಯ ಚರಿತ್ರೆಗೂ ಆಕರವಾಗುತ್ತದೆ. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆದೇಶಿಸಿದ ಸಮೀಕ್ಷೆಯ ಅಂಗವಾಗಿ ಸಿದ್ಧವಾದ ಈ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಸುಮಾರು ಒಂಬತ್ತೂಕಾಲು ಲಕ್ಷ ಜನಸಂಖ್ಯೆಯಲ್ಲಿ ಓದುತ್ತಿದ್ದ ಮಕ್ಕಳು 6,641. ಹೆಣ್ಣುಮಕ್ಕಳು ಕೇವಲ 60.

ಗಣಿತ ಬೋಧನೆಯ ದೃಷ್ಟಿಯಿಂದ ಈ ವರದಿಯಲ್ಲಿ ಬಹು ಮಹತ್ವದ ವಿವರವೊಂದಿದೆ. ಇಲ್ಲಿನ ಶಾಲೆಗಳಲ್ಲಿ ಭಿನ್ನರಾಶಿಗಳನ್ನು ಕಲಿಸಲು ವಿಶೇಷ ಶ್ರಮ ವಹಿಸಲಾಗುತ್ತಿತ್ತು. ಅವು ದಶಮಾಂಶದಂತೆ ಹತ್ತರಲ್ಲಿ ಇಳಿಯದೆ ನಾಲ್ಕರಲ್ಲಿ ಇಳಿಯುತ್ತಿದ್ದವು. ಮಕ್ಕಳನ್ನು ದಿನಕ್ಕೆ ಎರಡು ಬಾರಿ ಸಾಲಾಗಿ ನಿಲ್ಲಿಸಿ, ಭಿನ್ನರಾಶಿ, ಮಗ್ಗಿ ಮತ್ತು ಅಳತೆ-ತೂಕಗಳ ಪಟ್ಟಿಗಳನ್ನು ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿದಂತೆ ಹೇಳಿಸಲಾಗುತ್ತಿತ್ತು. ಕಾಲು, ವೀಸ ಎಂಬ ನಮ್ಮ ಮಾತುಗಳಲ್ಲಿ ಈ ಕ್ರಮ ಇಂದಿಗೂ ಉಳಿದಿದೆ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಅಂದರೆ ಪಾವು ಸೇರಿನ ಕಾಲು, ಚಟಾಕು ಸೇರಿನ ವೀಸ.

ಮುಂದೆ ಹೋದವರು ಹಿಂದಿನವರಿಗೆ ಕಲಿಸುತ್ತ ತಮ್ಮ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಈ ವ್ಯವಸ್ಥೆಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ. ಇಂಗ್ಲೆಂಡಿನಲ್ಲಿ ಇದರ ಅನುಕರಣೆ ನಡೆದದ್ದು ಯುಕ್ತವೆಂದಿದ್ದಾನೆ. ಧರ್ಮಪಾಲ್ ಅವರು 1983ರಲ್ಲಿ ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದಲ್ಲಿ ಈ ವರದಿಯನ್ನು ಮುದ್ರಿಸಿದ ಮೇಲೆ, ಮೆಚ್ಚುಗೆಯ ಆ ಭಾಗ ದೇಶೀಯ ಶಿಕ್ಷಣದ ಹಿರಿಮೆಗೆ ಸಾಕ್ಷ್ಯವಾಗಿ ಮತ್ತೆ ಮತ್ತೆ ಉಲ್ಲೇಖಗೊಂಡಿದೆ. ಆದರೆ ಅದೇ ವರದಿಯ ಇನ್ನೊಂದು ಭಾಗ ಅಷ್ಟೇ ಮುಖ್ಯವಾದುದು. ಮಕ್ಕಳು ನೂರಾರು ಪದ್ಯಗಳನ್ನು ಒಪ್ಪಿಸುತ್ತಾರೆ, ಅವುಗಳ ಅರ್ಥ ಅವರಿಗೆ ತಿಳಿಯದು ಎಂದು ಕ್ಯಾಂಪ್‌ಬೆಲ್ ಸ್ಪಷ್ಟವಾಗಿ ದಾಖಲಿಸಿದ್ದಾನೆ. ಬಡತನದಿಂದಾಗಿ ಶಾಲೆಗಳು ಮುಚ್ಚಿಹೋಗುತ್ತಿದ್ದುದನ್ನೂ ಹೇಳಿದ್ದಾನೆ. ಮೆಚ್ಚುಗೆಯನ್ನು ಉಳಿಸಿಕೊಂಡು ಆಕ್ಷೇಪವನ್ನು ಕೈಬಿಡುವ ಓದು ಶಾಸ್ತ್ರೀಯವಾದುದಲ್ಲ.

ಈ ವ್ಯವಸ್ಥೆಯ ಇಂಗ್ಲಿಷ್ ರೂಪವೂ ಗಮನಾರ್ಹ. ಮದರಾಸಿನ ಎಗ್ಮೋರ್‌ನಲ್ಲಿ ಅನಾಥ ಬಾಲಕರ ಆಶ್ರಮವನ್ನು 1789ರಿಂದ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದನ್ನು ತನ್ನಲ್ಲಿ ತರಲು ಹೊರಟ. ಅಲ್ಲಿನ ಉಪಾಧ್ಯಾಯರು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನೊಬ್ಬನಿಗೆ ತರಗತಿಯನ್ನು ಒಪ್ಪಿಸಿದ. ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಇದು ‘ಮದರಾಸು ಪದ್ಧತಿ’ ಎಂದು ಹೆಸರಾಯಿತು. ಉಪಾಧ್ಯಾಯರ ಮನವೊಲಿಸುವ ಕಷ್ಟವನ್ನು ಬಿಟ್ಟು, ಹೇಳಿದ್ದನ್ನು ಹೇಳಿದಂತೆ ದಾಟಿಸುವವರನ್ನು ಹುಡುಕಿಕೊಂಡದ್ದೇ ಈ ಪದ್ಧತಿಯ ಹುಟ್ಟು ಎಂಬುದನ್ನು ನಾವು ಮರೆಯಬಾರದು. ಇಂದಿನ ನಮ್ಮ ಶಾಲೆಗಳಲ್ಲಿ ‘ಮಾನಿಟರ್’ ಎಂಬ ಪದ ಉಳಿದುಕೊಂಡಿದೆ. ಆತನ ಕೆಲಸ ಗಲಾಟೆ ಮಾಡುವವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವಷ್ಟಕ್ಕೆ ಇಳಿದಿದೆ.

3. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತರಬೇತಿ

ಇಂದಿನ ಶಿಕ್ಷಕರ ತರಬೇತಿಯಲ್ಲಿ ಬಹುಕಾಲದಿಂದ ನಡೆದುಬಂದಿರುವುದು ‘ಕ್ಯಾಸ್ಕೇಡ್’ ಎಂದು ಕರೆಯಲಾಗುವ ಕ್ರಮ. ರಾಜ್ಯಮಟ್ಟದಲ್ಲಿ ಕೆಲವರಿಗೆ ತರಬೇತಿ. ಅವರಿಂದ ಜಿಲ್ಲೆಯ ಸಂಪನ್ಮೂಲ ವ್ಯಕ್ತಿಗಳಿಗೆ. ಅವರಿಂದ ಡಯಟ್‌ನಲ್ಲೋ ತಾಲೂಕು ಕೇಂದ್ರದಲ್ಲೋ ಸೇರಿದ ಶಿಕ್ಷಕರಿಗೆ. ಮೇಲೆ ಕೇಳಿದ್ದನ್ನು ಕೆಳಗೆ ಹೇಳುವುದೇ ಇದರ ಜೀವಾಳ. ಸಾಲಾಗಿ ನಿಂತ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದ ಹಿರಿಯ ಹುಡುಗನ ಕ್ರಮಕ್ಕೂ ಇದಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ಮಗ್ಗಿಯನ್ನು ಹೀಗೆ ದಾಟಿಸಬಹುದು, ಏಕೆಂದರೆ ಅದು ಬದಲಾಗದ ಪಠ್ಯ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಸಮೀಕರಣವನ್ನು ಎಲ್ಲಿ ತಪ್ಪಿದಳು, ಏಕೆ ತಪ್ಪಿದಳು ಎಂದು ಗುರುತಿಸುವ ಕೌಶಲ ಹಾಗೆ ದಾಟುವಂಥದ್ದಲ್ಲ.

ಈ ಕ್ರಮದ ಮಿತಿಯನ್ನು ಅರಿತ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದ ಅವಧಿಯಲ್ಲಿ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಸೇರಿ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ ಅಂಥದ್ದೊಂದು. ಗಣಿತ ಶಿಕ್ಷಕರು ಜಿಯೋಜೀಬ್ರಾ ತಂತ್ರಾಂಶವನ್ನು ಕಲಿತು, ತಾವೇ ಪಾಠ ಸಾಮಗ್ರಿಗಳನ್ನು ರಚಿಸಿ, ಪರಸ್ಪರ ಹಂಚಿಕೊಳ್ಳುವ ಅವಕಾಶ ಅದರಿಂದ ದೊರೆಯಿತು. ಶಿಕ್ಷಕರು ಕೇವಲ ಕೇಳುಗರಲ್ಲ ಎಂದು ಒಪ್ಪಿಕೊಂಡದ್ದು ಅದರ ದೊಡ್ಡ ಗುಣ. ಆದರೆ ಸಾಮಗ್ರಿ ಹಂಚಿಕೆಯಾದಷ್ಟು ಸುಲಭವಾಗಿ ತರಗತಿಯ ನಡೆ ಹಂಚಿಕೆಯಾಗುವುದಿಲ್ಲ. ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದ ಆರಂಭದಲ್ಲಿಯೇ ಈ ಅಂಶವನ್ನು ಎತ್ತಿ ತೋರಿಸಿದ್ದರು. ತರಬೇತಿಯಲ್ಲಿ ಕಲಿತದ್ದು ತರಗತಿಯೊಳಗೆ ನೆಲೆಗೊಳ್ಳಬೇಕಾದರೆ ಅಲ್ಲಿಗೇ ಬಂದು ಜೊತೆಗಿದ್ದು ತಿದ್ದುವವರು ಬೇಕು ಎಂಬುದು ಅವರ ಪ್ರತಿಪಾದನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಂದ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ವಿಕಾಸವನ್ನು ನಿರೀಕ್ಷಿಸುತ್ತದೆ. ಗಂಟೆಗಳನ್ನು ಎಣಿಸುವುದು ಸುಲಭ. ಆ ಗಂಟೆಗಳಲ್ಲಿ ಎಷ್ಟು ಶಿಕ್ಷಕರ ಸ್ವಂತ ತರಗತಿಯೊಳಗೆ ಕಳೆದವು ಎಂಬುದೇ ಕೇಳಬೇಕಾದ ಪ್ರಶ್ನೆ.

4. ಬಯಲಾಟದ ಮಾಸ್ತರ

ಬಳ್ಳಾರಿ ಸೀಮೆಯ ದೊಡ್ಡಾಟದ ಪರಂಪರೆಯಲ್ಲಿ ಈ ಕೊರತೆಗೆ ಉತ್ತರವಿದೆ. ಹೊಲದ ಕೆಲಸ ಮುಗಿದ ದಿನಗಳಲ್ಲಿ ಊರಿನವರು ಆಟ ಕಲಿಯಲು ಮನಸ್ಸು ಮಾಡಿ ಮಾಸ್ತರನೊಬ್ಬನನ್ನು ಕರೆತರುತ್ತಾರೆ. ಆತ ಆ ಊರಿನಲ್ಲಿಯೇ ತಿಂಗಳುಗಟ್ಟಲೆ ಉಳಿದು ರಾತ್ರಿಗಳಲ್ಲಿ ತಾಲೀಮು ನಡೆಸುತ್ತಾನೆ. ಪದ, ಮಾತು, ಹೆಜ್ಜೆ ಎಲ್ಲವೂ ಪಾತ್ರಧಾರಿಯ ಮೈಗೆ ಹತ್ತುವವರೆಗೆ ಒಂದೇ ಭಾಗವನ್ನು ಮತ್ತೆ ಮತ್ತೆ ಮಾಡಿಸುತ್ತಾನೆ. ಆಟದ ರಾತ್ರಿ ಆತ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿರುವುದಿಲ್ಲ. ಕೈಬರಹದ ಪ್ರತಿ ಹಿಡಿದು ಹಿಮ್ಮೇಳದ ಜೊತೆ ರಂಗದ ಮೇಲೆಯೇ ನಿಂತು, ಮಾತು ಮರೆತವನಿಗೆ ಎತ್ತಿಕೊಡುತ್ತಾನೆ. ವರ್ಷಾನುಗಟ್ಟಲೆ ಪಾತ್ರ ಮಾಡಿ ಪಳಗಿದವರಲ್ಲಿ ಒಬ್ಬಾತ ಮುಂದೆ ತಾನೇ ಮಾಸ್ತರನಾಗುತ್ತಾನೆ.

ಇಲ್ಲಿ ಮೂರು ಅಂಶಗಳು ಎದ್ದು ಕಾಣುತ್ತವೆ. ಮೊದಲನೆಯದು, ಕಲಿಸುವವನು ಕಲಿತದ್ದು ಬಳಕೆಯಾಗುವ ಸ್ಥಳದಲ್ಲಿಯೇ ಇರುತ್ತಾನೆ. ಎರಡನೆಯದು, ಅವನು ಬರುವುದು ಊರವರ ಕರೆಯ ಮೇಲೆ. ತಪ್ಪನ್ನು ಪುಸ್ತಕದಲ್ಲಿ ಬರೆದುಕೊಂಡು ಹೋಗಲು ಅಲ್ಲ. ಮೂರನೆಯದು, ನಾಯಕತ್ವ ಪಾತ್ರ ಮಾಡುವುದರಿಂದಲೇ ಹುಟ್ಟುತ್ತದೆ. ಶಿಕ್ಷಣ ವ್ಯವಸ್ಥೆಯಲ್ಲಿ ಈ ಮೂರೂ ತಲೆಕೆಳಗಾಗಿವೆ. ತರಬೇತಿ ನಡೆಯುವುದು ಸಭಾಂಗಣದಲ್ಲಿ. ಶಾಲೆಗೆ ಬರುವ ವಿಷಯ ಪರಿವೀಕ್ಷಕರು ಇಡೀ ಜಿಲ್ಲೆಯ ಹೊಣೆ ಹೊತ್ತವರು. ಅವರ ಭೇಟಿಯನ್ನು ಶಿಕ್ಷಕರು ಪರೀಕ್ಷೆಯೆಂದೇ ಭಾವಿಸುತ್ತಾರೆ. ಒಳ್ಳೆಯ ಗಣಿತ ಶಿಕ್ಷಕರೆಂದು ಹೆಸರು ಪಡೆದವರನ್ನು ಸಂಪನ್ಮೂಲ ವ್ಯಕ್ತಿಯೆಂದು ತರಗತಿಯಿಂದ ಹೊರಗೆ ಒಯ್ಯಲಾಗುತ್ತದೆ. ನಾಯಕರಾದ ಮೇಲೆ ಅವರು ಪಾಠ ಮಾಡುವುದನ್ನು ಯಾರೂ ನೋಡುವಂತಿಲ್ಲ.

ಪದಗಳ ಹಾದಿಯೂ ಇದನ್ನೇ ಸೂಚಿಸುತ್ತದೆ. ‘ತರಬೇತಿ’, ‘ತಾಲೀಮು’ ಎರಡೂ ಅರಬ್ಬೀ ಮೂಲದಿಂದ ಬಂದ ಪದಗಳು. ಮೂಲದಲ್ಲಿ ಮೊದಲನೆಯದಕ್ಕೆ ಪೋಷಣೆಯ ಅರ್ಥ, ಎರಡನೆಯದಕ್ಕೆ ಬೋಧನೆಯ ಅರ್ಥ. ಕನ್ನಡದಲ್ಲಿ ತರಬೇತಿ ಕಚೇರಿಯ ಸುತ್ತೋಲೆಗೆ ಸೇರಿತು. ತಾಲೀಮು ಗರಡಿಮನೆಗೆ ಮತ್ತು ಆಟದ ಅಟ್ಟಕ್ಕೆ ಸೇರಿ, ಮೈಬಗ್ಗಿಸಿ ಮಾಡಿ ಕಲಿಯುವುದು ಎಂಬ ಅರ್ಥವನ್ನು ಉಳಿಸಿಕೊಂಡಿತು.

5. ‘ಜಾನಪದ ಗಣಿತ’ದ ಅಲಂಕಾರ

ತರಬೇತಿಗಳಲ್ಲಿ ಜಾನಪದಕ್ಕೆ ಸ್ಥಾನವಿದೆ. ಶಿಬಿರದ ಬೇಸರ ಕಳೆಯಲು ಒಂದು ಲೆಕ್ಕದ ಒಗಟು, ಒಂದು ಎಣಿಕೆಯ ಹಾಡು, ಗೋಡೆಯ ಮೇಲೆ ಒಂದು ರಂಗೋಲಿ. ಇದು ಅಲಂಕಾರವಾಯಿತೇ ಹೊರತು ಗಣಿತವಾಗಲಿಲ್ಲ. ನಡುವಿನ ಸಾಲಿನಲ್ಲಿ ಏಳು ಚುಕ್ಕಿಯಿಟ್ಟು ಎರಡೂ ಕಡೆ ಐದು, ಮೂರು, ಒಂದಕ್ಕೆ ಇಳಿಸುವ ರಂಗೋಲಿಯನ್ನು ನೋಡೋಣ. ಒಟ್ಟು ಚುಕ್ಕಿಗಳು 25. ನಡುವೆ ಮೂರಿಟ್ಟರೆ 5, ಐದಿಟ್ಟರೆ 13, ಒಂಬತ್ತಿಟ್ಟರೆ 41. ಈ ಮೊತ್ತಗಳ ನಡುವಿನ ಅಂತರ 8, 12, 16; ಅದೇ ಹತ್ತನೆಯ ತರಗತಿಯ ಸಮಾಂತರ ಶ್ರೇಢಿ. 25 ಎಂಬುದು 9 ಮತ್ತು 16ರ ಮೊತ್ತ, 41 ಎಂಬುದು 16 ಮತ್ತು 25ರ ಮೊತ್ತ. ಹೀಗೇಕೆ ಎಂಬ ಪ್ರಶ್ನೆ ಅಂಗಳದಲ್ಲಿ ಚುಕ್ಕಿಯಿಡುವ ಹುಡುಗಿಯನ್ನು ಬೀಜಗಣಿತದ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಈ ಪಾಠದ ಯಶಸ್ಸು ರಂಗೋಲಿಯಲ್ಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಾರೆಯೇ, ತಾವೇ ಉತ್ತರ ಬರೆದುಬಿಡುತ್ತಾರೆಯೇ. ಹಿಂದಿನ ಬೆಂಚಿನ ತಪ್ಪು ಉತ್ತರವನ್ನು ಎತ್ತಿಕೊಳ್ಳುತ್ತಾರೆಯೇ, ದಾಟಿ ಹೋಗುತ್ತಾರೆಯೇ ಎಂಬುದರಲ್ಲಿದೆ. ಇದನ್ನು ಕಾಣಬಲ್ಲವರು ಆ ಗಳಿಗೆಯಲ್ಲಿ ಆ ಕೋಣೆಯಲ್ಲಿ ಇದ್ದವರು ಮಾತ್ರ. ಬಯಲಾಟದ ಸಾರಥಿ ಪಾತ್ರಧಾರಿಯನ್ನು ಪ್ರಶ್ನಿಸುತ್ತಾನೆ. ಹೇಳಬೇಕಾದದ್ದನ್ನು ಪಾತ್ರಧಾರಿಯ ಬಾಯಿಂದಲೇ ಹೊರಡಿಸುತ್ತಾನೆ. ಬೋಧನಾ ನಾಯಕರು ರೂಢಿಸಿಕೊಳ್ಳಬೇಕಾದ ಮೊದಲ ಗುಣ ಅದು.

6. ಹೋಲಿಕೆಯ ಮಿತಿ

ಈ ಹೋಲಿಕೆಯನ್ನು ಅತಿಗೆ ಒಯ್ಯಬಾರದು. ದೊಡ್ಡಾಟದ ಪಠ್ಯ ಸ್ಥಿರವಾದುದು. ತರಗತಿಯ ಮಾತು ಪ್ರತಿದಿನ ಹೊಸದು. ಮಾಸ್ತರನ ಮಾತಿಗೆ ಎದುರು ಮಾತಿಲ್ಲ. ಗಣಿತದಲ್ಲಿ ಗುರುವಿನ ತಪ್ಪನ್ನೂ ಮಗು ತೋರಿಸುವಂತಿರಬೇಕು. ಬಯಲಾಟದ ರಂಗ ಬಹುಕಾಲ ಗಂಡಸರದಾಗಿತ್ತು. 1823ರ ಪಟ್ಟಿಯ 60 ಹೆಣ್ಣುಮಕ್ಕಳು ಗಾವಠಿ ಶಾಲೆಯ ಕಥೆಯನ್ನೂ ಹೇಳುತ್ತಾರೆ. ನಾವು ಪರಂಪರೆಯಿಂದ ತೆಗೆದುಕೊಳ್ಳಬೇಕಾದದ್ದು ಅದರ ಕ್ರಮವನ್ನು, ಅದರ ಅಧಿಕಾರವನ್ನಲ್ಲ.

ಇನ್ನೊಂದು ವಾಸ್ತವವನ್ನೂ ಹೇಳಬೇಕು. ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಸಿ.ಎಂ. ಶಿಕ್ಷಕರು ಅನೇಕ ಕಡೆ ಒಬ್ಬರೇ. ಅವರ ಪಾಠವನ್ನು ಅರ್ಥಮಾಡಿಕೊಂಡು ಮಾತನಾಡಬಲ್ಲ ಸಹೋದ್ಯೋಗಿ ಅದೇ ಶಾಲೆಯಲ್ಲಿರುವುದಿಲ್ಲ. ಆದ್ದರಿಂದ ಗಣಿತದ ಬೋಧನಾ ನಾಯಕತ್ವವನ್ನು ಶಾಲೆಯೊಳಗೆ ಹುಡುಕುವುದು ವ್ಯರ್ಥ. ಜಿಲ್ಲೆಯ ಮಟ್ಟ ಬಹಳ ದೂರ. ತೆಲಿಗಿಯಂಥ ಹೋಬಳಿಯೇ ಇದಕ್ಕೆ ತಕ್ಕ ಅಳತೆ. ಹೋಬಳಿಯ ಗಣಿತ ಶಿಕ್ಷಕರು ಸರದಿಯಂತೆ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕುಳಿತು, ಒಂದೇ ಪಾಠವನ್ನು ತಿದ್ದಿ ತಿದ್ದಿ ಮಾಡುವ ವ್ಯವಸ್ಥೆಯಾಗಬೇಕು. ಅವರಲ್ಲಿ ಪಳಗಿದವರಿಗೆ ವಾರದಲ್ಲಿ ಒಂದು ದಿನ ಈ ಕೆಲಸಕ್ಕೆ ಬಿಡುವಿರಬೇಕು. ಉಳಿದ ದಿನ ಅವರು ತಮ್ಮ ತರಗತಿಯಲ್ಲಿಯೇ ಇರಬೇಕು. ಅವರ ಕೈಯಲ್ಲಿ ಮೌಲ್ಯಮಾಪನದ ನಮೂನೆ ಇರಕೂಡದು.

7. ಉಪಸಂಹಾರ

ಈ ಸೀಮೆ ಮಳೆಯನ್ನು ನಂಬಿದ್ದು. ಗುಳೆ ಹೋಗುವ ಕುಟುಂಬಗಳು ಇಲ್ಲಿ ಇಂದಿಗೂ ಇವೆ. ಹತ್ತನೆಯ ತರಗತಿಯ ಗಣಿತದಲ್ಲಿ ಎಡವಿದ ಮಗುವಿಗೆ ಅನೇಕ ವೇಳೆ ಎರಡನೆಯ ಅವಕಾಶ ಕಾಗದದ ಮೇಲಷ್ಟೇ ಇರುತ್ತದೆ. ಹೆಣ್ಣುಮಗುವಾದರೆ ಅದೂ ಕಷ್ಟ. ಆದ್ದರಿಂದ ಶಿಕ್ಷಕರ ತರಬೇತಿಯ ರೂಪ ಯಾವುದಿರಬೇಕು ಎಂಬುದು ಇಲಾಖೆಯ ಒಳಗಿನ ವಿಚಾರವಾಗಿ ಉಳಿಯಬಾರದು.

ಜಾನಪದ ವಿದ್ವಾಂಸರು ಇಲ್ಲಿ ಮಾಡಬೇಕಾದ ಕೆಲಸ ಎರಡು. ಒಂದು, ಗಾವಠಿ ಶಾಲೆಯನ್ನು ಹೊಗಳುವ ಮೊದಲು 1823ರ ವರದಿಯನ್ನು ಪೂರ್ತಿಯಾಗಿ ಓದುವುದು. ಎರಡು, ನಾಲ್ಕರಲ್ಲಿ ಇಳಿಯುವ ಭಿನ್ನರಾಶಿ, ಸೇರು-ಪಾವು, ಎಕರೆಗೆ ನಲವತ್ತು ಗುಂಟೆ ಗುಂಟೆಗೆ ಹದಿನಾರು ಆಣೆಯ ಲೆಕ್ಕ, ಕೋರಿನ ಪಾಲು, ರಂಗೋಲಿಯ ಚುಕ್ಕಿ ಇವುಗಳ ಜೊತೆಗೆ ಬಯಲಾಟದ ಮಾಸ್ತರ ಹೇಗೆ ತಿದ್ದುತ್ತಾನೆ ಎಂಬುದನ್ನೂ ಸೂಕ್ಷ್ಮವಾಗಿ ದಾಖಲಿಸುವುದು. ನಾವು ಇದುವರೆಗೆ ಆಟದ ಪಠ್ಯಗಳನ್ನು ಸಂಪಾದಿಸಿದ್ದೇವೆ. ತಾಲೀಮಿನ ರಾತ್ರಿಗಳನ್ನು ಬರೆದಿಟ್ಟದ್ದು ತೀರ ಅಲ್ಪ. ಗಣಿತ ಶಿಕ್ಷಕರಿಗೆ ನಮ್ಮಿಂದ ಉಪಯೋಗವಾಗುವುದಿದ್ದರೆ ಆ ರಾತ್ರಿಗಳ ದಾಖಲೆಯಿಂದಲೇ ಆಗಬೇಕು.