ಬಾಣದ ಗುರುತು ಮತ್ತು ಸಿದ್ದಿಗಳ ಓಟ

ಸಮಾಜಸೇವಾ ಸಂಸ್ಥೆಗಳ ಯೋಜನಾ ಕಡತಗಳಲ್ಲಿ ಇಂದು ಒಂದು ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಎಡಗಡೆಯ ಚೌಕದಲ್ಲಿ ಹಣ, ಸಿಬ್ಬಂದಿ, ತರಬೇತಿ. ಬಲಗಡೆಯ ಕೊನೆಯ ಚೌಕದಲ್ಲಿ ಬಡತನ ನೀಗಿಕೊಂಡ ಸಮುದಾಯ. ನಡುವೆ ಸಾಲುಸಾಲು ಬಾಣದ ಗುರುತುಗಳು. ಇದಕ್ಕೆ ‘ಥಿಯರಿ ಆಫ್ ಚೇಂಜ್’, ಅಂದರೆ ಬದಲಾವಣೆಯ ಸಿದ್ಧಾಂತ ಎಂದು ಹೆಸರು. ಅಮೆರಿಕದ ವಿದ್ವಾಂಸೆ ಕರೋಲ್ ವೈಸ್ 1995ರಲ್ಲಿ ಈ ವಿಚಾರವನ್ನು ಮಂಡಿಸಿದಾಗ ಅದಕ್ಕೊಂದು ವಿಮರ್ಶೆಯ ಮೊನೆಯಿತ್ತು. ಪ್ರತಿಯೊಂದು ಕಾರ್ಯಕ್ರಮದ ಒಳಗೂ ‘ಹೀಗೆ ಮಾಡಿದರೆ ಹಾಗಾಗುತ್ತದೆ’ ಎಂಬ ನಂಬಿಕೆ ಬಾಯಿಬಿಡದೆ ಕೂತಿರುತ್ತದೆ. ಅದನ್ನು ಹೊರಗೆಳೆದು ಪರೀಕ್ಷೆಗೆ ಒಡ್ಡಬೇಕು ಎಂಬುದು ಅವರ ಆಶಯವಾಗಿತ್ತು. ನಮ್ಮಲ್ಲಿ ಅದು ಬಹುಮಟ್ಟಿಗೆ ಅನುದಾನದ ಅರ್ಜಿಯ ಒಂದು ಪುಟವಾಗಿಬಿಟ್ಟಿದೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕೆಂದ ಮೇಲಂತೂ ಈ ಚಿತ್ರ ಬರೆಯುವುದೇ ಒಂದು ಕಸುಬಾಗಿದೆ. ಬಾಣ ಎಲ್ಲರಿಗೂ ಕಾಣುತ್ತದೆ. ಅದರ ಅಡಿಯಲ್ಲಿರುವ ನಂಬಿಕೆಯನ್ನು ಓದುವವರು ಕಡಿಮೆ.

ಉತ್ತರ ಕನ್ನಡದ ಸಿದ್ದಿಗಳ ಅನುಭವವನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು. ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿಯಿದು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರಲ್ಲಿ ಅನೇಕರು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಯಲ್ಲಾಪುರ, ಅಂಕೋಲಾ ಸೀಮೆಗಳಲ್ಲಿ ಚದುರಿಕೊಂಡಿರುವ ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಧರ್ಮದ ಗೆರೆಗಳಾಚೆಗೂ ಇವರನ್ನು ಕೂಡಿಸುವ ಸಂಗತಿಗಳಿವೆ: ದಮಾಮಿಯ ಬಡಿತ, ಹಳೆಬಟ್ಟೆ ಕೂಡಿಸಿ ಹೆಂಗಸರು ಹೊಲಿಯುವ ಕೌದಿ ಮತ್ತು ಕಾಡಂಚಿನ ಅತಂತ್ರ ಬೇಸಾಯ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. 1988ರ ಸಿಯೋಲ್‌ನಲ್ಲಿ ಭಾರತಕ್ಕೆ ಒಂದು ಪದಕವೂ ಬರಲಿಲ್ಲ. ಈ ಎರಡರ ನಡುವೆ, 1987ರಲ್ಲಿ, ಕೇಂದ್ರದ ಕ್ರೀಡಾ ಖಾತೆಯಲ್ಲಿದ್ದ ಮಾರ್ಗರೆಟ್ ಆಳ್ವ ಅವರ ಉತ್ಸಾಹದಿಂದ ಭಾರತೀಯ ಕ್ರೀಡಾ ಪ್ರಾಧಿಕಾರದ ಕಣ್ಣು ಸಿದ್ದಿಗಳ ಮೇಲೆ ಬಿತ್ತು. ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. 1993ರಲ್ಲಿ ಅದು ನಿಂತಿತು.

ಆಗ ಯಾರೂ ಬಾಣದ ಚಿತ್ರ ಬರೆದಿರಲಿಕ್ಕಿಲ್ಲ. ಆದರೆ ಸಿದ್ಧಾಂತ ಇತ್ತು. ಆಫ್ರಿಕಾದ ಮೂಲ, ಆದ್ದರಿಂದ ಓಟದ ಮೈಕಟ್ಟು; ತರಬೇತಿ ಕೊಟ್ಟರೆ ಪದಕ; ಪದಕ ಬಂದರೆ ದೇಶಕ್ಕೆ ಕೀರ್ತಿ, ಸಮುದಾಯಕ್ಕೆ ಏಳಿಗೆ. ಇದರ ಮೊದಲ ಬಾಣವೇ ಸೊಟ್ಟಗಿತ್ತು. ಆಫ್ರಿಕಾ ಎಂಬುದು ಒಂದು ದೇಹವಲ್ಲ, ಒಂದು ಖಂಡ. ಕೀನ್ಯಾದ ಹೆಸರಾಂತ ದೂರದ ಓಟಗಾರರಲ್ಲಿ ಬಹುಪಾಲು ರಿಫ್ಟ್ ಕಣಿವೆಯ ಎತ್ತರದ ನೆಲದ ಕಲೆಂಜಿನ್ ಜನ. ಸಿದ್ದಿಗಳ ಪೂರ್ವಜರು ಮುಖ್ಯವಾಗಿ ಬಂಟು ಭಾಷೆಗಳನ್ನಾಡುವ ಬೇರೆ ಸಮುದಾಯಗಳವರು. ಗುಲಾಮರ ಸಂತೆಯಲ್ಲಿ ಮೈಕಟ್ಟು ನೋಡಿ ಬೆಲೆ ಕಟ್ಟಲಾಗುತ್ತಿತ್ತು. ಪ್ರೀತಿಯಿಂದಲೇ ಹೊರಟ ಸ್ವತಂತ್ರ ಭಾರತದ ಯೋಜನೆಯೂ ಮೈಕಟ್ಟಿನಿಂದಲೇ ಶುರುವಾಯಿತು ಎಂಬುದನ್ನು ಮರೆಯುವಂತಿಲ್ಲ. ಉದ್ದೇಶ ಬೇರೆಯಿದ್ದಿರಬಹುದು; ನೋಟ ಹಳೆಯದೇ.

ಕೊನೆಯ ಬಾಣ ಇನ್ನೂ ದುರ್ಬಲ. ಕೆಲವೇ ಮಕ್ಕಳ ಪದಕದಿಂದ ಇಡೀ ಸಮುದಾಯದ ಏಳಿಗೆಗೆ ದಾರಿ ಯಾವುದು? ಅಲ್ಲಿ ಬರೀ ಆಸೆಯಿತ್ತು. ಹಾಗೆಂದು ಎಲ್ಲವೂ ವ್ಯರ್ಥವಾಯಿತೆಂದರೆ ಅನ್ಯಾಯವಾದೀತು. ಆ ಶಿಬಿರಗಳಿಂದ ರಾಷ್ಟ್ರಮಟ್ಟದ ಕ್ರೀಡಾಪಟುಗಳು ಬಂದರು. ಕ್ರೀಡಾ ಕೋಟಾದಡಿ ರೈಲ್ವೆಯಂಥ ಕಡೆ ನೌಕರಿ ಹಿಡಿದವರಿದ್ದಾರೆ. ಒಲಿಂಪಿಕ್ಸ್ ಪದಕ ಎಣಿಸುವವರಿಗೆ ಈ ಯೋಜನೆ ಸೋಲು. ತಿಂಗಳ ಸಂಬಳ ಎಣಿಸಿದ ಮನೆಗೆ ಅದು ಗೆಲುವು. ಯೋಜಕರು ಮನೆಯವರ ಲೆಕ್ಕವನ್ನು ಕೊನೆಯ ಚೌಕದಲ್ಲಿ ಬರೆದಿದ್ದರೆ 1993ರಲ್ಲಿ ಅದನ್ನು ಹಾಗೆ ಕೈಬಿಡುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಕಳೆದ ದಶಕದಲ್ಲಿ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಈ ಭಾಗದ ಮಕ್ಕಳಿಗೆ ಮತ್ತೆ ಓಟದ ತರಬೇತಿ ಆರಂಭಿಸಿತು. ಅದಕ್ಕೂ ಇದೇ ಪ್ರಶ್ನೆ ಕೇಳಬೇಕಾಗುತ್ತದೆ: ಓಡಿ ಗೆಲ್ಲದ ಮಗುವಿಗೆ ನಿಮ್ಮ ಚಿತ್ರದಲ್ಲಿ ಯಾವ ಚೌಕವಿದೆ?

ಈ ಕಥೆಯ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಕಥೆಯಿದೆ. ಸಿದ್ದಿಗಳೇ ಸಂಘಟಿತರಾಗಿ ವರ್ಷಗಟ್ಟಲೆ ಕೇಳಿದ ಮೇಲೆ 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇಲ್ಲಿಯೂ ಒಂದು ಸಿದ್ಧಾಂತವಿತ್ತು. ಆದರೆ ಅದನ್ನು ಬರೆದವರು ಸಮುದಾಯದವರೇ. ಪರಿಶಿಷ್ಟ ಜಾತಿಯ ಪಟ್ಟಿಯಂತೆ ಪಂಗಡದ ಪಟ್ಟಿ ಧರ್ಮ ಕೇಳುವುದಿಲ್ಲ. ಹೀಗಾಗಿ ಮುಸ್ಲಿಂ, ಕ್ರೈಸ್ತ ಸಿದ್ದಿಗಳೂ ಹಿಂದೂ ಸಿದ್ದಿಗಳ ಜೊತೆಗೇ ಒಳಗೆ ಬಂದರು. ಮೂರು ಧರ್ಮಗಳಲ್ಲಿ ಹಂಚಿಹೋದ ಸಮುದಾಯ ಒಂದೇ ಬೇಡಿಕೆಯ ಕೆಳಗೆ ನಿಲ್ಲಲು ಇದರಿಂದ ಸಾಧ್ಯವಾಯಿತು.

ಮುಂದೆ ಬಂದ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಇದರ ಬೆಲೆ ಗೊತ್ತಾಯಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದರೆಂದು ತೋರಿಸಿದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ತರಬೇಕು. 1930ರ ಕಾಗದವನ್ನು ಕಾಡಿನ ಬಡವ ಎಲ್ಲಿಂದ ತಂದಾನು? ಪಟ್ಟಿ ಸೇರಲು ಸಿದ್ದಿಗಳು ಹೋರಾಡುವಾಗ ಈ ಕಾಯ್ದೆ ಹುಟ್ಟಿರಲೇ ಇಲ್ಲ. ಯಾವ ಚಿತ್ರದಲ್ಲೂ ಇಲ್ಲದ ಬಾಣವೊಂದು ತಾನಾಗಿ ಮೂಡಿತು.

ಈ ಸಿದ್ಧಾಂತಕ್ಕೂ ಮಿತಿಗಳಿವೆ. 2003ರ ಮಾನ್ಯತೆ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಹಳಿಯಾಳದ ಸಿದ್ದಿ ಬುಡಕಟ್ಟಿನವನಾದ; ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವನ ನೆಂಟ 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇನ್ನು ಅದೇ ಕಾಡಿನ ನೆರೆಹೊರೆಯವರ ಮಾತು ಬೇರೆ. ಜೋಯಿಡಾದ ಕುಣಬಿಗಳು, ಮುಂಡಗೋಡ ಕಡೆಯ ಗೌಳಿಗಳು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ದೀರ್ಘಕಾಲದಿಂದ ಕೇಳುತ್ತ ಬಂದವರು. ಅದಿಲ್ಲದೆ ಅವರ ಮುಂದೆ 75 ವರ್ಷದ ಗೋಡೆ. ಜೋಯಿಡಾ, ದಾಂಡೇಲಿಯ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಆ ಯೋಜನೆಯ ಕೊನೆಯ ಚೌಕದಲ್ಲಿ ಹುಲಿಯಿದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಮನುಷ್ಯರು ಅಡ್ಡಿಯಾಗಿ ಕಾಣುತ್ತಾರೆ. ಒಂದೊಂದು ಇಲಾಖೆಗೂ ಒಂದೊಂದು ಚಿತ್ರ, ಬದುಕುವವರಿಗೆ ಮಾತ್ರ ಒಂದೇ ಕಾಡು.

ಹಾಗಾದರೆ ಬದಲಾವಣೆಯ ಸಿದ್ಧಾಂತವನ್ನು ಬಿಸಾಡಬೇಕೆ? ಬೇಕಿಲ್ಲ. ಯೋಜನೆಯಿಲ್ಲದ ದಯೆಯಿಂದಲೂ ಹಳ್ಳಿಗಳು ಸಾಕಷ್ಟು ನೊಂದಿವೆ. ಆದರೆ ಚಿತ್ರವನ್ನು ಅರಣ್ಯ ಹಕ್ಕಿನ ಅರ್ಜಿಯಂತೆ ನಡೆಸಿಕೊಳ್ಳಬಹುದು. ಆ ಕಾಯ್ದೆಯಲ್ಲಿ ಮೊದಲ ಪರಿಶೀಲನೆಯ ಅಧಿಕಾರ ಗ್ರಾಮಸಭೆಯದು. ಸಂಸ್ಥೆಗಳೂ ತಮ್ಮ ಚಿತ್ರವನ್ನು ಹಣ ಕೊಡುವವರಿಗೆ ಕಳಿಸುವ ಮೊದಲು ಹಟ್ಟಿಯ ಜಗುಲಿಯ ಮೇಲೆ ಹರಡಲಿ. ಒಂದೊಂದು ಬಾಣಕ್ಕೂ ‘ಇದು ಹೌದೆ?’ ಎಂದು ಕೇಳಲಿ, ಅಲ್ಲವೆಂದರೆ ಅಳಿಸಲಿ. ‘ನಾವು ಯಾರೆಂದು ನೀವು ತಿಳಿದಿದ್ದೀರಿ?’ ಎಂದು ಜನರು ತಿರುಗಿ ಕೇಳಲೂ ಅಲ್ಲಿ ಅವಕಾಶವಿರಲಿ. 1987ರಲ್ಲಿ ಈ ಪ್ರಶ್ನೆಯನ್ನು ಕೇಳುವ ಜಾಗವೇ ಸಿದ್ದಿಗಳಿಗೆ ಇರಲಿಲ್ಲ.